ಚಿಕ್ಕಮನೆಯವರ ಚಿಪ್

ರಾಧಾಮಣಿ ಕಂಡಷ್ಟು ಮದುವೆಗಳನ್ನು ರಾಮನಗರದ ಯಾವ ಪುರೋಹಿತರೂ ಕಂಡಿರಲಾರರು. ಆದರೆ ಒಂದು ಮದುವೆಯಲ್ಲೂ ಅವಳು ಉಂಡವಳಲ್ಲ.

ಅವಳ ಕೆಲಸವೇ ಅಂಥದ್ದು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ಟೈಲರ್ ಅಂಗಡಿ, ಅದರ ಮಹಡಿಯ ಮೇಲೆ ಅವಳ ಎರಡು ಕೋಣೆ. ಮುಂದಿನದರಲ್ಲಿ ಕಂಪ್ಯೂಟರು, ಹಿಂದಿನದರಲ್ಲಿ ಒಲೆ ಮತ್ತು ಮಂಚ. ಕನಕಪುರ, ಮಾಗಡಿ ಕಡೆಯ ವಿಡಿಯೋದವರು ಮದುವೆ ಶೂಟ್ ಮಾಡಿ, ಹಾರ್ಡ್ ಡಿಸ್ಕನ್ನು ಇವಳ ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ಇವಳು ಅದನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕಿ, ಮದುವೆಮನೆಯವರು ಟಿ.ವಿ.ಯಲ್ಲಿ ನೋಡುವಂತೆ ಮಾಡಿಕೊಡಬೇಕು. ಹುಡುಗಿಯಾಗಿದ್ದಾಗ ಒಂದು ಸ್ಟುಡಿಯೋದಲ್ಲಿ ಆಲ್ಬಂ ಅಂಟಿಸಲು ಸೇರಿದವಳು, ಸ್ಟುಡಿಯೋ ಮುಚ್ಚಿದರೂ ಕೆಲಸ ಬಿಡಲಿಲ್ಲ. ಅವಳಿಗೂ ಸಂಬಂಧಗಳು ಬಂದವು, ಹೋದವು. ನಲವತ್ತು ದಾಟಿದ ಮೇಲೆ ಬರುವುದೂ ನಿಂತಿತು. ಮಾಗಡಿಯಲ್ಲಿ ಒಬ್ಬ ಅಣ್ಣನಿದ್ದಾನೆ. ಯುಗಾದಿಗೆ ಫೋನ್ ಮಾಡುತ್ತಾನೆ, ಅದೂ ಅತ್ತಿಗೆ ನೆನಪಿಸಿದರೆ.

ನಮ್ಮ ಕಡೆ ಮದುವೆ ವಿಡಿಯೋ ಅಂದರೆ ತಾಳಿ ಕಟ್ಟುವುದಲ್ಲ, ಮುಯ್ಯಿ. ಧಾರೆ ಮುಗಿದು, ಹೆಣ್ಣುಗಂಡನ್ನು ಸ್ಟೇಜಿನ ಮೇಲೆ ನಿಲ್ಲಿಸಿದ ಮೇಲೆ ಬಂಧುಬಳಗವೆಲ್ಲ ಸಾಲಾಗಿ ಹತ್ತಿ, ಕವರನ್ನೋ ಪಾತ್ರೆಯನ್ನೋ ಕೈಗಿಟ್ಟು, ಕ್ಯಾಮೆರಾ ಕಡೆ ತಿರುಗಿ ನಿಲ್ಲುತ್ತದೆ. ಇವತ್ತು ಅವರು ನಮಗೆ ಹಾಕಿದ್ದನ್ನು ನಾಳೆ ಅವರ ಮನೆಯಲ್ಲಿ ನಾವು ತೀರಿಸಬೇಕು. ಹಾಗಾಗಿ ಯಾರು ಬಂದರು ಅನ್ನುವುದಕ್ಕೆ ವಿಡಿಯೋಗಿಂತ ದೊಡ್ಡ ಸಾಕ್ಷಿ ಬೇರೆ ಇಲ್ಲ. ಹಿಂದೊಮ್ಮೆ ರಾಧಾಮಣಿ ಇದು ತಿಳಿಯದೆ ಬುದ್ಧಿವಂತಿಕೆ ತೋರಿಸಲು ಹೋಗಿದ್ದಳು. ಮಾಗಡಿಯ ಒಂದು ಮದುವೆಯಲ್ಲಿ ತಿಮ್ಮಯ್ಯ ಅನ್ನುವ ಮುದುಕರು ಸ್ಟೇಜಿನ ಮೇಲೆ ಕಿವಿ ಕೆರೆದುಕೊಳ್ಳುತ್ತ ನಿಂತಿದ್ದರು, ನೋಡಲು ಚೆನ್ನಾಗಿಲ್ಲ ಅಂತ ಕತ್ತರಿಸಿಬಿಟ್ಟಳು. ತಿಮ್ಮಯ್ಯನವರು ಬಸ್ಸು ಹತ್ತಿ ಇವಳ ಮಹಡಿಗೇ ಬಂದರು.

"ನಾನು ಮುಯ್ಯಿನೇ ಹಾಕ್ನಿಲ್ಲ ಅಂತ ಊರೆಲ್ಲ ಮಾತಾಡ್ಕತಾ ಅವ್ರೆ ಕಣವ್ವ. ನನ್ ಕೆರ್ತ ನಿನಗೇನ್ ಮಾಡಿತ್ತು?"

ಅಂದಿನಿಂದ ಅವಳು ಮುಯ್ಯಿಯ ಸಾಲಿನಲ್ಲಿ ಒಬ್ಬರನ್ನೂ ಕತ್ತರಿಸಿಲ್ಲ. ಆಕಳಿಸುವವರು, ಮೂಗು ಒರೆಸುವವರು, ಸ್ಟೇಜಿನ ಮೇಲೇ ಫೋನಿನಲ್ಲಿ ಮಾತಾಡುವವರು, ಎಲ್ಲರೂ ಇರಲಿ. ಹೀಗಾಗಿ ಒಂದೊಂದು ಮದುವೆಯೂ ಅರ್ಧ ದಿನ ನೋಡುವಷ್ಟು ಉದ್ದ. ಎಲ್ಲ ಜೋಡಿಸಿ ಮುಗಿಸಿ 'ರೆಂಡರ್‌ಗೆ ಹಾಕಿದರೆ', ಅಂದರೆ ಇಡೀ ಮದುವೆಯನ್ನು ಒಂದೇ ಕಡತವಾಗಿ ಬೇಯಿಸಲು ಕಂಪ್ಯೂಟರಿಗೆ ಬಿಟ್ಟರೆ, ಅವಳ ಹಳೇ ಯಂತ್ರ ಏದುಸಿರು ಬಿಡುತ್ತ ಇಡೀ ದಿನ ತೆಗೆದುಕೊಳ್ಳುತ್ತಿತ್ತು. ಹೊಸ ಕ್ಯಾಮೆರಾಗಳು ಬಂದ ಮೇಲಂತೂ ಅದು ನಡುದಾರಿಯಲ್ಲೇ ಮಲಗಿಬಿಡುತ್ತಿತ್ತು.

ಆ ಯಂತ್ರ ಜೋಡಿಸಿಕೊಟ್ಟವನು ಚನ್ನಪಟ್ಟಣದ ಸಮದ್. ಅವನ ಅಪ್ಪ ಪಟ್ಟಡೆಯಲ್ಲಿ, ಅಂದರೆ ಕಸುಬಿನ ಕೊಠಡಿಯಲ್ಲಿ, ಮರದ ಬೊಂಬೆ ಕಡೆಯುತ್ತಿದ್ದವರು. ಮಗ ಅದೇ ಜಾಗದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದ. ರಾಧಾಮಣಿಗಿಂತ ಹತ್ತು ವರ್ಷಕ್ಕೆ ಚಿಕ್ಕವನು, ತೆಳ್ಳಗಿನ ಆಳು, ಮಾತು ಮಾತ್ರ ದಪ್ಪ. ಹೊಸ ಕಂಪ್ಯೂಟರ್ ಬೇಕು ಅಂತ ಇವಳು ಹೋದಾಗ ಡಬ್ಬ, ಬೋರ್ಡು, ಫ್ಯಾನು ಎಲ್ಲ ಅಂದೇ ತೆಗೆದಿಟ್ಟ. ಒಂದು ಮಾತ್ರ ಬಾಕಿ, ಚಿಪ್. ಕಂಪ್ಯೂಟರಿನ ತಲೆಯೇ ಅದು.

ಈ ತಲೆ ಮಾಡುವ ಕಂಪನಿಗಳು ಮುಖ್ಯವಾಗಿ ಎರಡು. ಅವಕ್ಕೆ ದೊಡ್ಡ ದೊಡ್ಡ ಇಂಗ್ಲಿಷ್ ಹೆಸರುಗಳಿವೆ. ಸಮದ್ ಮಾತ್ರ ಒಂದನ್ನು ದೊಡ್ಮನೆಯೋರು, ಇನ್ನೊಂದನ್ನು ಚಿಕ್ಮನೆಯೋರು ಅನ್ನುತ್ತಿದ್ದ. ಹಳ್ಳಿಯಲ್ಲಿ ದಾಯಾದಿಗಳು ಒಂದೇ ಬದುವಿನ ಆ ಕಡೆ ಈ ಕಡೆ ಉಳುತ್ತ, ಒಬ್ಬರ ಪೈರು ಕಂಡು ಇನ್ನೊಬ್ಬರು ಹೊಟ್ಟೆ ಉರಿದುಕೊಳ್ಳುತ್ತಾರಲ್ಲ, ಹಾಗಂತೆ ಅವರ ಕಥೆ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ. ದಾಯಾದಿ ಜಗಳಕ್ಕೆ ಮಲಗುವುದೇ ಗೊತ್ತಿಲ್ಲ.

"ದೊಡ್ಮನೆಯೋರು ಜಂಬದೋರು ಅಕ್ಕ. ತಾತನ ಆಸ್ತಿ ಅಂತ ಕೂತುಂಡ್ರು. ಚಿಕ್ಮನೆಯೋರು ಹೊಟ್ಟೆಬಟ್ಟೆ ಕಟ್ಟಿ ಮೇಲಕ್ ಬಂದವ್ರೆ. ದೊಡ್ಮನೆಯೋರ್ದು ಈಗ್ಲೇ ಸಿಕ್ತದೆ, ಇಲ್ಲ ಅನ್ನಲ್ಲ. ಆದ್ರೆ ನಿಮ್ಮ ಮಹಡಿ ಸೆಕೆಗೆ ಅದನ್ನ ಹಾಕಿದ್ರೆ ಒಲೆ ಬ್ಯಾರೆ ಹಚ್ಚೋದ್ ಬ್ಯಾಡ, ಅದ್ರ ಮೇಲೇ ಮುದ್ದೆ ತಿರುವ್ಬೋದು. ಚಿಕ್ಮನೆಯೋರ ಹೊಸದು ಇನ್ನೇನ್ ಬತ್ತದೆ. ಒಸಿ ಕಾಯಿರಿ. ಬಂದ್ ತಕ್ಷಣ ನಾನೇ ಫೋನ್ ಮಾಡ್ತೀನಿ."

ಸಮದನ ಮಾತು ಅಂದರೆ ಮಾತು. ಅವಳು ಒಪ್ಪಿ ಬಂದಳು.

ಮೊದಲ ಫೋನು ಬಂದದ್ದು ಒಂದು ಶುಕ್ರವಾರ. ಜುಮ್ಮಾ ನಮಾಜು ಮುಗಿಸಿ, ಊಟ ಮಾಡಿ, ಅಂಗಡಿ ಬಾಗಿಲು ಮತ್ತೆ ತೆರೆಯುವ ಮುಂಚೆ ಗಿರಾಕಿಗಳಿಗೆಲ್ಲ ಫೋನ್ ಮಾಡುವುದು ಸಮದನ ರೂಢಿ. "ಬಂದಿಲ್ಲ ಅಕ್ಕ," ಅಂದ. "ಹಡಗು ಎಲ್ಲೋ ನಿಂತದಂತೆ." ಮುಂದಿನ ಶುಕ್ರವಾರವೂ ಬಂದಿಲ್ಲ. ಅದರ ಮುಂದಿನ ಶುಕ್ರವಾರಕ್ಕೆ ಕಥೆ ಬೆಳೆದಿತ್ತು.

"ಈಗ ಎಐನೋರು ಅಂತ ಬಂದವ್ರೆ ಅಕ್ಕ. ಚಿಪ್ ಮಾಡೋ ಫ್ಯಾಕ್ಟ್ರಿ ಮುಂದೆ ಕರೀದೆ ಬಂದ ಶ್ರೀಮಂತ ನೆಂಟ್ರಂಗೆ ಮೊದಲ್ನೇ ಪಂಕ್ತೀಲೇ ಕೂತ್ಕಬುಟ್ಟವ್ರೆ. ಅವ್ರು ಉಂಡು ಎದ್ದೋಳಗಂಟ ನಮ್ಮಂಥೋರಿಗೆ ಎಲೆ ಇಲ್ಲ."

ರಾಧಾಮಣಿ ನಕ್ಕಳು. ನಕ್ಕ ಮೇಲೆ ಕೋಣೆಯಲ್ಲಿ ತನ್ನದೇ ನಗು ಕೇಳಿ ಅವಳಿಗೇ ಒಂದು ಥರವಾಯಿತು. ಆ ಗೋಡೆಗಳು ಕೇಳುತ್ತಿದ್ದದ್ದು ಮಂಗಳವಾದ್ಯ ಮತ್ತು ಬೇರೆಯವರ ನಗು.

"ಊಟ ಆಯ್ತಾ ಅಕ್ಕ?" ಅಂತ ಕೊನೆಗೆ ಕೇಳಿದ ಸಮದ್.

"ಆಯ್ತು."

"ಏನ್ ಸಾರು?"

ಅವಳು ಅಂದು ಉಂಡದ್ದು ಮೊಸರನ್ನ, ಮೇಲೊಂದಿಷ್ಟು ಉಪ್ಪಿನಕಾಯಿ. ಹೇಳಲು ನಾಚಿಕೆಯಾಗಿ "ಹುರುಳಿಕಾಳು ಸಾರು" ಅಂದಳು. ಅಷ್ಟಕ್ಕೇ ಸಮದ್ ತನ್ನ ತಾಯಿ ಮಾಡುವ ಹುರುಳಿಕಾಳಿನ ರುಚಿ ಹೇಳತೊಡಗಿದ. ತಾಯಿಯ ಮಂಡಿನೋವಿಗೆ ಬಂದ. ಅಲ್ಲಿಂದ ಅಪ್ಪ ಕಡೆಯುತ್ತಿದ್ದ ಬುಗುರಿಗಳಿಗೆ ಹೋದ. ಫೋನಿಟ್ಟ ಮೇಲೆ ಅವಳು ಸುಮ್ಮನೆ ಕೂತಳು. ತಾನು ಏನು ಉಂಡೆ ಅಂತ ಕೇಳುವ ಮನುಷ್ಯ ಭೂಮಿಯ ಮೇಲೆ ಒಬ್ಬನಿದ್ದಾನೆ ಅನ್ನುವುದು ಹೊಟ್ಟೆಗೆ ಹಾಲು ಹೊಯ್ದಂತೆ ಆಗಿತ್ತು.

ಅಂದಿನಿಂದ ಶುಕ್ರವಾರ ಅವಳ ಮನೆಯಲ್ಲಿ ಸಾರು ಕಾಯಿಸುವ ದಿನವಾಯಿತು. ಬೇರೆ ದಿನ ಏನಾದರೂ ತಿಂದು ಮುಗಿಸುತ್ತಿದ್ದವಳು ಶುಕ್ರವಾರ ಬೆಳಿಗ್ಗೆಯೇ ಮಾರ್ಕೆಟ್ಟಿಗೆ ಹೋಗಿ ಸೊಪ್ಪು ತರುವಳು. ಒಂದು ವಾರ ಮಸ್ಸೊಪ್ಪು, ಒಂದು ವಾರ ಬಸ್ಸಾರು, ಅವರೆಕಾಯಿ ಬಂದಾಗ ಹಿದುಕಬೇಳೆ. ಕೇಳಿದರೆ ಸುಳ್ಳು ಹೇಳಬಾರದಲ್ಲ! ಉಂಡು, ಕೈ ತೊಳೆದು, ಫೋನನ್ನು ಕಿಟಕಿಯಲ್ಲಿ, ಸಿಗ್ನಲ್ಲು ಚೆನ್ನಾಗಿ ಸಿಗುವ ಮೂಲೆಯಲ್ಲಿ ಇಟ್ಟು ಕೂರುವಳು. ಇದು ಪ್ರೇಮವೋ ಗೀಮವೋ ಅಂತ ಯಾರಾದರೂ ಅಂದುಕೊಂಡರೆ ಅದು ಅವರ ಹಣೆಬರಹ. ಅವಳಿಗೆ ಬೇಕಿದ್ದದ್ದು ಒಂದು ದನಿ. ತನ್ನನ್ನು ಹುಡುಕಿಕೊಂಡು, ತನ್ನ ನಂಬರನ್ನೇ ಒತ್ತಿ ಬರುವ ದನಿ.

ಮಳೆಗಾಲ ಹೋಗಿ ಚಳಿ ಬಂತು. ಚಿಪ್ ಬರಲಿಲ್ಲ. ರಾಧಾಮಣಿಗೆ ದೊಡ್ಮನೆ ಚಿಕ್ಮನೆಯವರ ವಂಶಾವಳಿಯೇ ಬಾಯಿಪಾಠವಾಯಿತು. ಯಾರು ಯಾವ ವರ್ಷ ಯಾರನ್ನು ಸೋಲಿಸಿದರು, ಯಾರ ಮೇಸ್ತ್ರಿಯನ್ನು ಯಾರು ಎಳೆದುಕೊಂಡರು, ಎಲ್ಲ. ಒಂದು ದಿನ ಅರ್ಕೇಶ್ವರನ ಗುಡಿಯಲ್ಲಿ ಕೈಮುಗಿದು ನಿಂತಾಗ, ಚಿಪ್ ಇನ್ನೂ ಸ್ವಲ್ಪ ದಿನ ಬರದೇ ಇರಲಪ್ಪಾ ಅನ್ನುವ ಮಾತು ಮನಸ್ಸಿನಲ್ಲಿ ಬಂದುಬಿಟ್ಟಿತು. ಥೂ, ಎಂಥ ಹರಕೆ ಇದು ಅಂತ ಕೆನ್ನೆ ಬಡಿದುಕೊಂಡಳು. ಆದರೆ ಬೇಡಿದ್ದನ್ನು ವಾಪಸು ತೆಗೆದುಕೊಳ್ಳಲಿಲ್ಲ.

ಆಮೇಲೊಂದು ಶುಕ್ರವಾರ ಸಮದ್ ಹಲೋ ಕೂಡ ಅನ್ನಲಿಲ್ಲ.

"ಅಕ್ಕ, ಬಂದ್ಬುಡ್ತು! ಕೈಯಾಗೇ ಹಿಡ್ಕಂಡಿವ್ನಿ. ಚಿಕ್ಮನೆಯೋರು ಮಾನ ಉಳ್ಸುದ್ರು. ಯಾವಾಗ ಬತ್ತೀರಿ?"

ಅವಳಿಗೆ ಮುಂದಿನ ಶುಕ್ರವಾರ ಕಣ್ಣ ಮುಂದೆ ಬಂತು. ಕಿಟಕಿ, ಕಿಟಕಿಯಲ್ಲಿ ಸುಮ್ಮನೆ ಬಿದ್ದ ಫೋನು. ಏನು ಹೇಳುತ್ತಿದ್ದೇನೆ ಅಂತ ತಿಳಿಯುವ ಮೊದಲೇ ಬಾಯಿ ಹೇಳಿಬಿಟ್ಟಿತ್ತು:

"ಅಲ್ಲ ಸಮದ್, ದೊಡ್ಮನೆಯೋರು ಇದಕ್ಕಿಂತ ಒಳ್ಳೇದು ಒಂದು ಹೊಸದು ತತ್ತಾ ಅವ್ರಂತಲ್ಲ? ಇಷ್ಟು ದಿನ ಕಾದಾಯ್ತು. ಅದೂ ಬರ್ಲಿ, ನೋಡಾಣ."

ಆ ಕಡೆ ಡ್ರಾಯರು ಎಳೆದು ಮುಚ್ಚಿದ ಸದ್ದಾಯಿತು.

"ದೊಡ್ಮನೆಯೋರ್ದಾ?" ಅಂದ ಸಮದ್. "ಸರಿ ಅಕ್ಕ. ನಿಮ್ಮಿಷ್ಟ."

ಅಂದು ಅವನು ಏನು ಸಾರು ಅಂತ ಕೇಳಲಿಲ್ಲ.

ಆದರೂ ಫೋನು ನಿಲ್ಲಲಿಲ್ಲ, ಅವಳಿಗೆ ಅಷ್ಟೇ ಸಾಕಾಗಿತ್ತು. "ದೊಡ್ಮನೆಯೋರ ಹೊಸದು ಇನ್ನೂ ಸುದ್ದಿ ಇಲ್ಲ ಅಕ್ಕ," ಅನ್ನುವನು. ಇವಳು ದಾಯಾದಿಗಳ ಸಮಾಚಾರ ಎತ್ತಿದರೆ ಹೂಂಗುಟ್ಟುವನು. ಮೊದಲಿನ ಹುರುಪು ಇರಲಿಲ್ಲ. ಅಂಗಡಿಯಲ್ಲಿ ಕೆಲಸ ಜಾಸ್ತಿ ಇರಬೇಕು ಅಂತ ಅವಳು ತನಗೆ ತಾನೇ ಹೇಳಿಕೊಂಡಳು. ಒಂಟಿಯಾಗಿರುವವರು ತಮಗೆ ತಾವು ಹೇಳಿಕೊಳ್ಳುವುದನ್ನು ಬೇಗ ನಂಬುತ್ತಾರೆ, ಅಲ್ಲಗಳೆಯಲು ಪಕ್ಕದಲ್ಲಿ ಯಾರೂ ಇರುವುದಿಲ್ಲವಲ್ಲ.

ಸತ್ಯ ಮಹಡಿ ಹತ್ತಿ ಬಂದದ್ದು ಕನಕಪುರದ ದೇವರಾಜುವಿನ ಜೊತೆ. ಅವನು ವಿಡಿಯೋ ತೆಗೆಯುವವನು, ಇವಳಿಗೆ ಹೆಚ್ಚು ಕೆಲಸ ತರುವವನೂ ಅವನೇ. ಅವನು ಶೂಟ್ ಮಾಡಿ ಕೊಟ್ಟಿದ್ದ ಮದುವೆಯೊಂದು ಹಳೇ ಯಂತ್ರದಲ್ಲಿ ಮೂರು ಸಲ ನಡುವೆ ನಿಂತು ಕೆಟ್ಟಿತ್ತು.

"ರಾಧಕ್ಕ, ಹೆಣ್ಣಿನೋರು ಮನೆ ಮುಂದೆ ಬಂದು ಕೂತವ್ರೆ. ಆ ಹುಡುಗಿ ಬಸ್ರಿಯಾದ್ಲು, ಮದ್ವೆ ವಿಡಿಯೋ ಇನ್ನೂ ಬಂದಿಲ್ಲ! ಹಿಂಗಾದ್ರೆ ನಾನು ಬೆಂಗ್ಳೂರಲ್ಲೇ ಕೊಡ್ತೀನಿ. ಹೊಸ ಕಂಪ್ಯೂಟ್ರು ಎಲ್ಲೋಯ್ತು?"

"ಸಮದ್ ಮಾಡ್ಕೊಡ್ತಾ ಅವ್ನೆ. ಚಿಪ್ ಬರ್ಬೇಕು."

"ಯಾವ ಸಮದು? ಚನ್ನಪಟ್ಣದೋನಾ? ಅವ್ನು ಅಂಗಡಿ ಎತ್ತುಬುಟ್ಟವ್ನಲ್ಲ! ಬಿಡದಿ ಕಡೆ ಯಾವ್ದೋ ಫ್ಯಾಕ್ಟ್ರೀಲಿ ಕೆಲ್ಸ ಆಗದೆ. ಹೋದ್ ತಿಂಗ್ಳೇ ಸೇರ್ಬೇಕಿತ್ತು. ಯಾರೋ ಒಬ್ರದು ಕಂಪ್ಯೂಟ್ರು ಬಾಕಿ ಅದೆ, ಕೊಟ್ಬುಟ್ಟೇ ಹೋಯ್ತೀನಿ ಅಂತ ಖಾಲಿ ಅಂಗ್ಡೀಲಿ ಕೂತವ್ನೆ. ಫ್ಯಾಕ್ಟ್ರಿಯೋರು ಎಷ್ಟು ದಿನ ಕಾದಾರು? ಈ ತಿಂಗ್ಳು ಬರ್ನಿಲ್ಲ ಅಂದ್ರೆ ಬ್ಯಾರೆಯೋನ್ನ ಹಾಕ್ಕತಾರೆ."

ದೇವರಾಜು ಇನ್ನೂ ಏನೇನೋ ಹೇಳಿದ. ಅವಳ ಕಿವಿಗೆ ಬೀಳಲಿಲ್ಲ. ಆ ಯಾರೋ ಒಬ್ಬರು ತಾನೇ ಅಂತ ತಿಳಿಯಲು ಬಹಳ ಹೊತ್ತೇನೂ ಬೇಕಾಗಲಿಲ್ಲ.

ಒಳ್ಳೆಯವಳಾಗಿದ್ದರೆ ಅಂದೇ ಬಸ್ಸು ಹತ್ತಬೇಕಿತ್ತು. ಹತ್ತಲಿಲ್ಲ. ಮಾರನೆಯ ದಿನ ಶುಕ್ರವಾರ. ಇನ್ನೊಂದೇ ಒಂದು ಫೋನು ಬರಲಿ, ಆಮೇಲೆ ಹೋಗುತ್ತೇನೆ ಅಂದುಕೊಂಡಳು. ಫೋನು ಬಂತು. "ಇನ್ನೂ ಇಲ್ಲ ಅಕ್ಕ," ಅಂದ ಸಮದ್. ಕೆಲಸದ ಸುದ್ದಿ ಎತ್ತಲಿಲ್ಲ, ತಿಂಗಳು ಮುಗಿಯುತ್ತಿದೆ ಅನ್ನಲಿಲ್ಲ. ಖಾಲಿ ಅಂಗಡಿಯಲ್ಲಿ ಅವನ ದನಿ ಮಾರ್ದನಿಗೊಂಡು ಬರುತ್ತಿತ್ತು, ಇಷ್ಟು ದಿನ ಅವಳಿಗೆ ಅದು ಗೊತ್ತಾಗಿರಲಿಲ್ಲ. ಆ ದನಿ ಕೇಳುತ್ತ ಅವಳಿಗೆ ಅಳು ಬಂತು, ತನ್ನ ಮೇಲೇ ಸಿಟ್ಟು ಬಂತು. ಅವನ ಅನ್ನಕ್ಕೆ ಅಡ್ಡಗಾಲು ಹಾಕಿ ತಾನು ಮಾತಾಡಿಸಿಕೊಳ್ಳುತ್ತಿದ್ದೇನೆ. ಇದಕ್ಕಿಂತ ಕೆಟ್ಟ ಭಿಕ್ಷೆ ಯಾವುದಿದೆ?

"ಸಮದ್, ನಾಳಿಕೆ ಬತ್ತೀನಿ," ಅಂದಳು. "ಆ ಚಿಕ್ಮನೆಯೋರ್ದೇ ಹಾಕ್ಬುಡು."

ಮಾರನೆಯ ದಿನ ಅವಳು ಹೋದಾಗ ಅಂಗಡಿಯ ಕಪಾಟುಗಳಲ್ಲಿ ಏನೂ ಇರಲಿಲ್ಲ. ಅಂಗಡಿಯ ಹೆಸರಿನ ಬೋರ್ಡನ್ನು ಸಮದ್ ಇಳಿಸಿ ಗೋಡೆಗೆ ಒರಗಿಸಿದ್ದ. ಮೇಜಿನ ಮೇಲೆ ಅವಳ ಕಂಪ್ಯೂಟರಿನ ಡಬ್ಬ ಒಂದೇ, ಧೂಳು ಕೂರದಂತೆ ಹಳೇ ಪಂಚೆ ಹೊದ್ದು ಕೂತಿತ್ತು. ಸಮದ್ ಜೇಬಿನಿಂದ ಕೀಲಿ ತೆಗೆದು, ಡ್ರಾಯರಿನಿಂದ ಸಣ್ಣ ಡಬ್ಬಿ ಹೊರತೆಗೆದ. ಸೀಲು ಒಡೆದಿರಲಿಲ್ಲ.

"ಬ್ಯಾರೆಯೋರ್ಗೆ ಮಾರ್ಲಿಲ್ವಾ?"

"ನಿಮ್ದು ಅಂತ ತೆಗ್ದಿಟ್ಟಿದ್ದೆ ಅಕ್ಕ. ಕೇಳಿದ್ರು. ಕೊಡ್ನಿಲ್ಲ."

"ನಾನು ಬ್ಯಾಡ ಅಂದಿದ್ನಲ್ಲ."

ಸಮದ್ ಡಬ್ಬಿಯನ್ನು ತಿರುಗಿಸುತ್ತ ಹೇಳಿದ: "ನಮ್ಮಬ್ಬಾ ಹೇಳೋರು, ಒಪ್ಕಂಡ ಬೊಂಬೆ ಗಿರಾಕಿ ಕೈ ಸೇರಗಂಟ ಪಟ್ಟಡೆ ಎತ್ಬಾರ್ದು ಅಂತ. ಅಬ್ಬಾಗೆ ಕೊನೇಲಿ ಕೈ ನಡುಗ್ತಿತ್ತು, ಆಗ್ಲೂ ಒಂದು ತೊಟ್ಲು ಬಾಕಿ ಇತ್ತು. ಅದ್ಕೆ ಬಣ್ಣ ಹಾಕ್ಬುಟ್ಟೇ ಮಲಗಿದ್ದು." ಆಮೇಲೆ ದನಿ ತಗ್ಗಿಸಿ, "ಆದ್ರೆ ಅಕ್ಕ, ನೀವು ದೊಡ್ಮನೆಯೋರ್ದು ಬೇಕು ಅಂದಾಗ ಒಸಿ ಬೇಜಾರಾಯ್ತು. ನನ್ ಮಾತಿನ್ ಮೇಲೆ ನಿಮಗೆ ನಂಬಿಕೆ ಹೋಯ್ತು ಅಂದ್ಕಂಡೆ."

ಇಲ್ಲ ಕಣಪ್ಪಾ, ನಿನ್ನ ಫೋನು ನಿಲ್ಲಬಾರದು ಅಂತ ಹಾಗಂದೆ. ಹೀಗಂತ ಹೇಳಿಬಿಡೋಣ ಅಂದುಕೊಂಡಳು. ಹೇಳಿದರೆ ಏನಾಗುತ್ತಿತ್ತು? ಅವನು ಒಳ್ಳೆಯವನು, ಆಮೇಲೆ ಪ್ರತಿ ಶುಕ್ರವಾರ ಕರುಣೆಯಿಂದ ಫೋನ್ ಮಾಡುತ್ತಿದ್ದ. ಕರುಣೆಯ ಫೋನು ಅವಳಿಗೆ ಬೇಡವಾಗಿತ್ತು.

"ನಂದೇ ತಪ್ಪು. ನೀನ್ ಹೇಳಿದ್ದೇ ಸರಿ," ಅಂದಳು.

ಅಷ್ಟು ಸಾಕಾಯಿತು ಅವನಿಗೆ. ಮುಖ ಅರಳಿತು. ಚಿಪ್ಪನ್ನು ಅಂಚಿನಲ್ಲಿ ಹಿಡಿದು, "ನೀವೇ ಇಡಿ ಅಕ್ಕ, ನಿಮ್ ಕೈಯಿಂದ್ಲೇ ಆಗ್ಲಿ," ಅಂತ ಕೊಟ್ಟ. ಬಿಸ್ಕತ್ತಿಗಿಂತ ಚಿಕ್ಕದು. ಇಷ್ಟು ತಿಂಗಳು ಕಾದದ್ದು ಇದಕ್ಕಾ ಅನ್ನಿಸಿತು.

"ಒತ್ಬ್ಯಾಡಿ. ಗುರ್ತು ನೋಡಿ ಸರ್ಯಾಗಿ ಇಟ್ರೆ ತಾನೇ ಕೂತ್ಕತದೆ."

ಅದು ಕೂತಿತು. ಅವನು ಪಕ್ಕದ ಪುಟ್ಟ ಚಿಲಕ ಇಳಿಸಿ ಭದ್ರಪಡಿಸಿದ. ಕೆಲಸದ ಬಗ್ಗೆ ಅವಳೇ ಕೇಳಿದಾಗ ನಾಚಿಕೊಂಡು ಹೇಳಿದ: ಸೋಮವಾರವೇ ಸೇರುತ್ತಾನೆ. ಅಲ್ಲಿ ಒಳಗೆ ಫೋನು ಬಿಡುವುದಿಲ್ಲವಂತೆ, ಗೇಟಿನಲ್ಲೇ ಇಟ್ಟು ಹೋಗಬೇಕು. ಜುಮ್ಮಾಕ್ಕೆ ಒಂಚೂರು ಬಿಡುವು ಕೊಡುತ್ತಾರೆ, ಪುಣ್ಯ. ಕಂಪ್ಯೂಟರನ್ನು ತಾನೇ ಹೊತ್ತು ತಂದು ಬಸ್ಸಿನ ಸೀಟಿನ ಮೇಲೆ ಅವಳ ಪಕ್ಕ ಕೂರಿಸಿ, "ಏನಾದ್ರೂ ತೊಂದ್ರೆ ಆದ್ರೆ ಫೋನ್ ಮಾಡಿ ಅಕ್ಕ. ಆದ್ರೆ ಇದು ತೊಂದ್ರೆ ಕೊಡಲ್ಲ, ನನ್ ಗ್ಯಾರಂಟಿ," ಅಂದ.

ಅವನ ಗ್ಯಾರಂಟಿ ಎಂದೂ ಸುಳ್ಳಾಗಿಲ್ಲ. ಅದೇ ಕಷ್ಟ.

ಮುಂದಿನ ಶುಕ್ರವಾರ ದೇವರಾಜು ತಂದಿದ್ದ ಆ ಮದುವೆ ರೆಂಡರ್‌ಗೆ ಸಿದ್ಧವಾಗಿತ್ತು. ರಾಧಾಮಣಿ ಬೆಳಿಗ್ಗೆ ಎದ್ದವಳೇ ರೂಢಿಯಂತೆ ಮಾರ್ಕೆಟ್ಟಿಗೆ ಹೋಗಿ ಸೊಪ್ಪು ತಂದಿದ್ದಳು. ತಂದ ಮೇಲೆ, ಯಾರಿಗೆ ಹೇಳಲು ಅಂತ ಹೊಳೆಯಿತು. ಆದರೂ ಬಸ್ಸಾರಿಗೆ ಇಟ್ಟಳು. ಮಧ್ಯಾಹ್ನ ಮದುವೆಯನ್ನು ರೆಂಡರ್‌ಗೆ ಹಾಕಿ, ಇನ್ನು ಸಂಜೆಯ ತನಕ ಇದರ ಗೊಡವೆ ಇಲ್ಲ ಅಂತ ಎದ್ದು ಒಳಗೆ ಹೋಗಿ ಒಗ್ಗರಣೆ ಕೊಟ್ಟು ಬಂದಳು. ಪರದೆಯ ಮೇಲೆ 'ಮುಗಿದಿದೆ' ಅಂತ ಬಂದಿತ್ತು. ನಂಬಿಕೆಯಾಗದೆ ಹತ್ತಿರ ಹೋಗಿ ನೋಡಿದಳು. ನಿಜವಾಗಿಯೂ ಮುಗಿದಿತ್ತು. ಹಳೇ ಯಂತ್ರದಂತೆ ಗೊರಗೊರ ಅನ್ನುವುದೂ ಇಲ್ಲ, ಇದೆಯೋ ಇಲ್ಲವೋ ಅನ್ನುವಷ್ಟು ನಿಶ್ಶಬ್ದ. ಇಡೀ ದಿನ ಅವಳ ಜೊತೆಗಿರುತ್ತಿದ್ದ ಕೆಲಸ ಒಂದು ಒಗ್ಗರಣೆಯ ಹೊತ್ತಿನಲ್ಲಿ ಮುಗಿದುಹೋಗಿ, ಉಳಿದ ಮಧ್ಯಾಹ್ನವೆಲ್ಲ ಅವಳ ಮುಂದೆ ಹಾಗೇ ಬಿದ್ದಿತ್ತು.

ಫೋನು ಕಿಟಕಿಯಲ್ಲಿತ್ತು. ಕೆಳಗೆ ಟೈಲರನ ಮಿಷನ್ನು ಓಡಿ ನಿಂತಿತು. ದೂರದ ಮಸೀದಿಯಲ್ಲಿ ನಮಾಜು ಮುಗಿದು ಜನ ಬೀದಿಗೆ ಬಂದರು, ಚದುರಿದರು. ಸಮದ್ ಈಗ ಗೇಟಿನಲ್ಲಿ ಫೋನು ಕೊಟ್ಟು ಒಳಗೆ ಹೋಗುತ್ತಿರಬೇಕು. ಚಿಪ್ ಬಂತು, ಹಾಕಿದ್ದಾಯಿತು. ಇನ್ನು ಅವನಿಗಾದರೂ ಹೇಳಲು ಏನಿದೆ? ತಾನೇ ಫೋನ್ ಮಾಡೋಣವೆಂದರೆ ಯಂತ್ರದಲ್ಲಿ ಒಂದು ಸಣ್ಣ ಐಬೂ ಇರಲಿಲ್ಲ.

ಅವಳು ಕುರ್ಚಿ ಎಳೆದುಕೊಂಡು ಮದುವೆಯನ್ನು ಮೊದಲಿನಿಂದ ಹಾಕಿದಳು. ಕೆಲಸ ಮಾಡುವಾಗ ಓಡಿಸಿಕೊಂಡು ನೋಡುತ್ತಿದ್ದವಳು ಇವತ್ತು ಓಡಿಸಲಿಲ್ಲ. ಧಾರೆಯಾಯಿತು. ಮುಯ್ಯಿ ಶುರುವಾಯಿತು. ಒಬ್ಬೊಬ್ಬರಾಗಿ ಸ್ಟೇಜು ಹತ್ತಿ, ಕೈಗಿಟ್ಟು, ಕ್ಯಾಮೆರಾ ಕಡೆ ತಿರುಗಿ, ನೇರವಾಗಿ ಅವಳನ್ನೇ ನೋಡಿ ನಗುತ್ತಿದ್ದರು. ಇಳಿಯುವ ಕಡೆ ಹೆಣ್ಣಿನ ತಂದೆ ನಿಂತಿದ್ದರು. ರುಮಾಲು ಸುತ್ತಿದ ದೊಡ್ಡ ಆಳು. ಇಳಿದು ಬಂದವರ ಕೈ ಹಿಡಿದು ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದರು. ನಡುವೆ ಒಂದು ಸಲ ಕ್ಯಾಮೆರಾ ಹತ್ತಿರ ಬಂದಾಗ ಅವರು ಈ ಕಡೆಗೇ ತಿರುಗಿದರು.

"ಊಟ ಆಯ್ತೇನವ್ವಾ?"

"ಇನ್ನೂ ಇಲ್ಲ," ಅಂದಳು ರಾಧಾಮಣಿ. "ಬಸ್ಸಾರು ಮಾಡಿವ್ನಿ."

ಒಳಗೆ ಹೋಗಿ ತಟ್ಟೆಗೆ ಬಡಿಸಿಕೊಂಡು ಬಂದು, ಮದುವೆಯ ಮುಂದೆ ಕೂತು ಉಂಡಳು.